ಕಾಲಿನ ಮೆಷಿನ್‌ಗೆ ಕೈಯ ಹಿಡಿ

ಅಡಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ನಮ್ಮ ಮೆಷಿನ್ ಕಾಲಿನಲ್ಲಿ ಮೆಟ್ಟುವಂಥದ್ದು. 2018ರಲ್ಲಿ ಅದನ್ನು ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳಲು ಹೋದಾಗ ಮಾರುವವರು ನನ್ನ ಬಲಗಾಲು ನೋಡಿದರು. "ಯಾರು ಮೆಟ್ಟುವುದು ಅಕ್ಕ, ತಮ್ಮನಾ?" ಎಂದು ಕೇಳಿದರು. ನಾನೇ ಎಂದೆ. ಹೇಗೆ ಅಂತ ನನಗೂ ಆಗ ಗೊತ್ತಿರಲಿಲ್ಲ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಆಗಿ ಬಲಗಾಲಿನ ಶಕ್ತಿ ಹೋಗಿದೆ. ನಿಲ್ಲಲು ಕೋಲು ಬೇಕು.

ನಮ್ಮ ಕಾಸರಗೋಡಿನ ಪೆರ್ಲ ಪೇಟೆಯಲ್ಲಿ ವೆಲ್ಡಿಂಗ್ ಮಾಡುವ ಅಣ್ಣನೊಬ್ಬರು ಬಂದು ಮೆಷಿನ್‌ಗೆ ಎರಡು ಸುತ್ತು ಹಾಕಿದರು. ಪೆಡಲಿಗೆ ಒಂದು ಕಬ್ಬಿಣದ ಸಲಾಕೆ ಸೇರಿಸಿ, ಸೊಂಟದ ಎತ್ತರಕ್ಕೆ ಹಿಡಿ ಕೊಟ್ಟರು. ಮೊದಲ ಹಿಡಿ ಗಿಡ್ಡವಾಯಿತು. ಹತ್ತು ತಟ್ಟೆ ಒತ್ತುವಷ್ಟರಲ್ಲಿ ಭುಜ ಬಿದ್ದುಹೋಯಿತು. ಒಂದೂವರೆ ಅಡಿ ಉದ್ದ ಮಾಡಿದ ಮೇಲೆ ಸಲೀಸಾಯಿತು. ಎತ್ತರದ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಹಾಳೆ ಇಟ್ಟು ಬಲಗೈಯಲ್ಲಿ ಎಳೆಯುವುದು. ಒಟ್ಟು ಖರ್ಚು 1,400 ರೂಪಾಯಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಬದಲಾವಣೆಯನ್ನು ಸರ್ಕಾರಿ ಕಚೇರಿಗಳು ತಮ್ಮ ಕೆಲಸಗಾರರಿಗೆ ಮಾಡಿಕೊಡಬೇಕು ಎನ್ನುತ್ತದೆ. ಅದಕ್ಕೆ ಉದ್ದದ ಹೆಸರೂ ಇಟ್ಟಿದೆ. ಅಣ್ಣನಿಗೆ ಅದು ಬರೀ ಹಿಡಿ.

ಇಷ್ಟು ಸಣ್ಣ ಕೆಲಸಕ್ಕೆ ಹದಿನೈದು ವರ್ಷ ಯಾಕೆ ಹಿಡಿಯಿತು ಎಂಬುದು ನನ್ನ ನಿಜವಾದ ಕತೆ.

ಡಿಗ್ರಿ ಮುಗಿದ ಮೇಲೆ ನಾನೂ ಎಲ್ಲರ ಹಾಗೆ ಕೇರಳ ಸರ್ಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆ ಬರೆದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆಗಳು ಇವೆಯಲ್ಲ, ಅದಕ್ಕೆ. ಆಗ ಇದ್ದದ್ದು 1995ರ ಕಾಯ್ದೆ. ನಮ್ಮಂಥವರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 3 ಮೀಸಲಾತಿ. ಕಣ್ಣಿಗೆ ಒಂದು, ಕಿವಿಗೆ ಒಂದು, ಕೈಕಾಲಿಗೆ ಒಂದು. 2016ರ ಕಾಯ್ದೆ ಅದನ್ನು ಶೇಕಡಾ 4 ಮಾಡಿತು. ಅಂಗವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಕೇಳಲಿಕ್ಕೆ ಚೆಂದ. ಆದರೆ ಕರೆಯುವುದೇ ನಾಲ್ಕಾರು ಹುದ್ದೆ ಅಂದರೆ ಅದರಲ್ಲಿ ನೂರಕ್ಕೆ ನಾಲ್ಕು ಎಷ್ಟಾಯಿತು? ಲಿಸ್ಟಿನಲ್ಲಿ ಹೆಸರು ಬಂತು. ಲಿಸ್ಟಿನ ಅವಧಿಯೂ ಮುಗಿಯಿತು.

ಖಾಸಗಿಯವರ ಕಡೆಗೂ ಹೋದೆ. ಒಂದು ಕಡೆ ಲೆಕ್ಕ ಬರೆಯುವ ಕೆಲಸ. ಆಫೀಸು ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಕೋಲೂರಿಕೊಂಡು ಹತ್ತಿದೆ. ಒಳಗೆ ಕೂತವರು ಲೆಕ್ಕದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ದಿನಾ ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ?" ಎಂದರು. ಹತ್ತಿ ಬಂದೇ ಕೂತಿದ್ದೇನಲ್ಲ ಮಾರಾಯರೆ! ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಈಗಾಗಿದ್ದರೆ ನುಂಗುತ್ತಿರಲಿಲ್ಲ.

ಹಾಳೆ ನಮ್ಮ ತೋಟದಲ್ಲೇ ಬೀಳುತ್ತಿತ್ತು. ಒಲೆಗೆ ಹೋಗುತ್ತಿತ್ತು. ವಿಟ್ಲದಿಂದ ಒಬ್ಬರು ಗೋಣಿಗೋಣಿ ಕೊಂಡುಹೋಗುವುದನ್ನು ನೋಡಿ ಈ ಯೋಚನೆ ಬಂದದ್ದು. ದುಡ್ಡಿಗೆ ಕೇರಳ ಸರ್ಕಾರದ ಕೈವಲ್ಯ ಯೋಜನೆ ಸಿಕ್ಕಿತು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರಿರುವ ಅಂಗವಿಕಲರಿಗೆ ಸ್ವಂತ ಉದ್ಯೋಗಕ್ಕೆ 50,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ, ಅದರಲ್ಲಿ ಅರ್ಧ ಸಬ್ಸಿಡಿ. ಪಿ.ಎಸ್.ಸಿ. ಆಸೆಯಲ್ಲಿ ಮಾಡಿಸಿದ ಆ ರಿಜಿಸ್ಟ್ರೇಶನ್ ಕೊನೆಗೆ ಇದಕ್ಕೆ ಉಪಯೋಗವಾಯಿತು. ನಿಮ್ಮ ರಿಜಿಸ್ಟ್ರೇಶನ್ ರಿನ್ಯೂ ಮಾಡದೆ ಬಿಟ್ಟಿದ್ದರೆ ಇವತ್ತೇ ಹೋಗಿ ಮಾಡಿಸಿ.

ಕಾಗದಪತ್ರದ ಬಗ್ಗೆ ಒಂದೇ ಮಾತು. ನಮ್ಮ ಗಡಿಯವರ ಹೆಸರಿಗೆ ಮೂರು ರೂಪ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ರೇಷನ್ ಕಾರ್ಡಿನ ಮಲಯಾಳದಲ್ಲಿ ಒಂದು, ಆಧಾರಿನ ಇಂಗ್ಲಿಷಿನಲ್ಲಿ ಇನ್ನೊಂದು. ಅಂಗವಿಕಲರ ಯು.ಡಿ.ಐ.ಡಿ. ಕಾರ್ಡಿಗೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರದ ಆನ್‌ಲೈನ್ ಅರ್ಜಿ ಹಾಕಿಕೊಡುವ ಕಡೆ) ಅರ್ಜಿ ಹಾಕುವಾಗ ಆಧಾರಿನಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ಹಾಕಿಸಿ. ನಾನು ಹಾಕಿಸಲಿಲ್ಲ. ಒಂದು ಅಕ್ಷರಕ್ಕಾಗಿ ಮೂರು ಸಲ ಬಸ್ ಹತ್ತಿದೆ. ಮೆಡಿಕಲ್ ಬೋರ್ಡಿಗೆ ಹೋಗುವಾಗ ಮಲಯಾಳ ಚೆನ್ನಾಗಿ ಬರುವ ಒಬ್ಬರು ಜೊತೆಗಿರಲಿ. ತುಳು, ಕನ್ನಡ ಮಾತ್ರ ಬರುವ ಅಮ್ಮಂದಿರು ಅಲ್ಲಿ ಎಲ್ಲದಕ್ಕೂ ತಲೆ ಆಡಿಸಿ ಬರುತ್ತಾರೆ. ಆಮೇಲೆ ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಬರೆದರು ಅಂತ ಅಳುವುದು. 40 ಇಲ್ಲದಿದ್ದರೆ ಮೀಸಲಾತಿ ಇಲ್ಲ.

ಮೊದಲ ವರ್ಷ ನಾನೂ ತಮ್ಮನ ಹೆಂಡತಿಯೂ ಇಬ್ಬರೇ. ಈಗ ಆರು ಜನ, ಅದರಲ್ಲಿ ನಾಲ್ವರು ಕಾರ್ಡಿನವರು. ಧರ್ಮಕ್ಕೆ ಅಂತ ಕರೆದದ್ದಲ್ಲ. ಅಡಕೆ ಕೊಯ್ಲಿನ ಸಮಯದಲ್ಲಿ ಬೇರೆ ಜನ ಸಿಗುವುದಿಲ್ಲ.

ಕಿವಿ ಕೇಳದ ಹುಡುಗಿಯನ್ನು ನಾನು ಪ್ಯಾಕಿಂಗಿಗೆ ಕೂರಿಸಿದೆ. ಬಿಸಿ ಅಚ್ಚಿನ ಹತ್ತಿರ ಬೇಡ, ಸುಮ್ನೆ ಅಪಾಯ ಯಾಕೆ ಎಂದು. ಎರಡು ವಾರ ಅವಳು ಮುಖ ದಪ್ಪ ಮಾಡಿಕೊಂಡೇ ಇದ್ದಳು. ಒಂದು ದಿನ ನಾನು ಊಟಕ್ಕೆ ಎದ್ದಾಗ ನನ್ನ ಸ್ಟೂಲಿನಲ್ಲಿ ಕೂತು ಇಪ್ಪತ್ತು ತಟ್ಟೆ ಒತ್ತಿ ಇಟ್ಟಿದ್ದಳು. ನನ್ನದಕ್ಕಿಂತ ಅಂಚು ಚೆನ್ನಾಗಿತ್ತು. ಅಚ್ಚು ಕಾದಾಗ ಬಜರ್ ಹೊಡೆಯುತ್ತಿತ್ತು. ಅದರ ಜಾಗಕ್ಕೆ ಒಂದು ಕೆಂಪು ಬಲ್ಬು ಹಾಕಿಸಿದೆವು. ಆ ಮೆಟ್ಟಿಲಿನವರು ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೆ, ಅಲ್ವಾ? ಅವಳನ್ನು ಕೇಳಲೇ ಇಲ್ಲ. ಕೇಳಲು ಕೈಸನ್ನೆ ಬರುವುದಿಲ್ಲ ಎಂಬ ನೆಪ ಬೇರೆ.

ಇನ್ನೊಬ್ಬ ಹುಡುಗ ಎಣ್ಮಕಜೆ ಪಂಚಾಯತಿನವನು, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ನಮ್ಮ ಸುತ್ತಿನ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸುರಿದದ್ದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ಪರಿಹಾರದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಇವರಿಗೆ ಕೆಲಸ ಏನು ಎಂಬ ಸುದ್ದಿ ಬರುವುದು ಕಡಿಮೆ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಬಡ್ಸ್ ಶಾಲೆಯಲ್ಲಿ ಕಲಿತ ಹುಡುಗ. ಹೇಳಿದ ಕೆಲಸ ಬಿಡುವುದಿಲ್ಲ, ಎಣಿಸಲು ಮಾತ್ರ ಬಾರದು. ಒಂದು ಕಟ್ಟಿಗೆ 25 ತಟ್ಟೆ.

ಮೊದಲು ಒಂದು ಮರದ ಪೆಟ್ಟಿಗೆ ಮಾಡಿಸಿದೆ. ತುಂಬಿದರೆ 25 ಆಗಬೇಕು. ಆಗಲಿಲ್ಲ. ಹಾಳೆ ಒಂದು ದಪ್ಪ, ಒಂದು ತೆಳು. ಕೆಲವು ಕಟ್ಟಿನಲ್ಲಿ 23, ಕೆಲವದರಲ್ಲಿ 26. ಪುತ್ತೂರಿನ ಅಂಗಡಿಯವರು ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದರು! ಆಮೇಲೆ ಹೊಳೆದದ್ದು ಅಡಕೆ. ಎಡಗಡೆ ಬಟ್ಟಲಿನಲ್ಲಿ 25 ಅಡಕೆ. ಒಂದು ತಟ್ಟೆ ಇಟ್ಟರೆ ಒಂದು ಅಡಕೆ ಬಲಗಡೆ ಬಟ್ಟಲಿಗೆ. ಎಡಗಡೆ ಖಾಲಿಯಾದರೆ ಕಟ್ಟು. ಅಲ್ಲಿಂದ ಈಚೆಗೆ ಲೆಕ್ಕ ತಪ್ಪಿದ್ದು ಎರಡೇ ಸಲ. ಎರಡೂ ಸಲ ಬಟ್ಟಲಿನಿಂದ ಅಡಕೆ ತೆಗೆದು ಬಾಯಿಗೆ ಹಾಕಿದವರು ನನ್ನ ಚಿಕ್ಕಪ್ಪ.

ಅವನ ಅಮ್ಮ ಮೊದಲು ಬಂದಾಗ ಸಂಬಳ ಎಷ್ಟು ಅಂತ ಕೇಳಲಿಲ್ಲ. "ಪೆನ್ಶನ್ ಹೋಗ್ತದಾ ಅಕ್ಕ?" ಎಂದರು. ಆಗ ತಿಂಗಳಿಗೆ 1,600 ರೂಪಾಯಿ. ಅದು ಸಿಗಬೇಕಾದರೆ ಮನೆಯ ವರ್ಷದ ಆದಾಯ ಒಂದು ಲಕ್ಷ ದಾಟಬಾರದು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಿನಕ್ಕೆ 400ರಂತೆ ತಿಂಗಳಿಗೆ 21 ದಿನ ಬಂದರೆ ವರ್ಷಕ್ಕೆ 1,00,800. ಅಪ್ಪನ ಕೂಲಿ ಸೇರಿಸುವುದೇ ಬೇಡ, ಮಗನೊಬ್ಬನದ್ದೇ 800 ರೂಪಾಯಿ ಜಾಸ್ತಿ. ಹಾಳೆಯ ಕೆಲಸ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ಪೆನ್ಶನ್ ಒಮ್ಮೆ ಹೋದರೆ ಮತ್ತೆ ಕಾಗದ ಹಿಡಿದು ಅಲೆಯಬೇಕು. ವಾರಕ್ಕೆ ಮೂರೇ ದಿನ ಕಳಿಸುತ್ತೇನೆ ಎಂದರು. ನನಗೆ ಆರೂ ದಿನ ಬೇಕಿತ್ತು, ಅವನಿಗೂ ಬರುವ ಆಸೆ. ಆದರೂ ಆ ಅಮ್ಮನದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ದುಡಿಯಲು ಹೋದ ವರ್ಷವೇ ಪೆನ್ಶನ್ ಕಿತ್ತುಕೊಳ್ಳುವ ಬದಲು ಒಂದೆರಡು ವರ್ಷ ನೋಡಿ ಆಮೇಲೆ ನಿಲ್ಲಿಸಿದರೆ ಏನು ಗಂಟು ಹೋಗುತ್ತದೆ?

ಹೊಸ ಕಾಯ್ದೆಯಲ್ಲಿ ಖಾಸಗಿಯವರಿಗೂ ಮಾತಿದೆ. 20 ಜನಕ್ಕಿಂತ ಕಡಿಮೆಯಿಲ್ಲದ ಕಡೆ ಯಾವ ಕೆಲಸ ಅಂಗವಿಕಲರಿಗೆ ಆಗುತ್ತದೆ, ಏನು ಅನುಕೂಲ ಮಾಡುತ್ತೇವೆ ಎಂದು ವಿವರವಾಗಿ ಬರೆದಿಡಬೇಕು. ಕೆಲಸಗಾರರಲ್ಲಿ ನೂರಕ್ಕೆ ಐದಾದರೂ ಇಂಥವರು ಇರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಪೇಟೆ ಸುತ್ತಿ ನೋಡಿ. ಹೆಚ್ಚಿನವು ಮೂರೋ ನಾಲ್ಕೋ ಜನರ ಅಂಗಡಿ.

ಕೊನೆಯದಾಗಿ ನನ್ನ ಕೈಯಲ್ಲಿ ಆಗದೆ ಹೋದದ್ದನ್ನು ಹೇಳಬೇಕು. ಕಣ್ಣು ತುಂಬಾ ಮಂಜಾದ ಒಬ್ಬರು ಮಾವ ತಟ್ಟೆ ವಿಂಗಡಿಸಲು ಬರುತ್ತಿದ್ದರು. ಬೆರಳಲ್ಲಿ ಸವರಿ ಕೂದಲಿನಷ್ಟು ಬಿರುಕನ್ನೂ ಹಿಡಿಯುತ್ತಿದ್ದರು. ನಮಗೆ ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಶೆಡ್ಡಿನೊಳಗೆ ಅವರಿಗೆ ಒಂದು ತೊಂದರೆಯೂ ಇರಲಿಲ್ಲ. ಆದರೆ ಬಸ್‌ಸ್ಟಾಪಿನಿಂದ ನಮ್ಮಲ್ಲಿಗೆ ಬರಲು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಅಲ್ಲಿರುವುದು ಅಡಕೆ ಮರದ ಸಂಕ, ಕಾಲುಸೇತುವೆ. ಬೇಸಿಗೆಯಲ್ಲಿ ತಮ್ಮ ಕೈ ಹಿಡಿದು ದಾಟಿಸುತ್ತಿದ್ದ. ಜೂನಿನಲ್ಲಿ ತೋಡು ತುಂಬಿ ಸಂಕ ಪಾಚಿಗಟ್ಟಿದಾಗ ಒಮ್ಮೆ ಇಬ್ಬರೂ ಜಾರಿದರು. ಮಾವನ ಮೊಣಕೈ ಒಡೆಯಿತು. ಮರುದಿನದಿಂದ ಮಗಳು ಕಳಿಸಲಿಲ್ಲ.

ಹಿಡಿ, ಬಲ್ಬು, ಅಡಕೆ ಎಲ್ಲವೂ ಶೆಡ್ಡಿನೊಳಗಿನ ಮಾತು, ನಾನೇ ಮಾಡಿಸಿದೆ. ಸಂಕ ನನ್ನದಲ್ಲ. ಕಾಂಕ್ರೀಟಿನ ಸಂಕಕ್ಕೆ ಗ್ರಾಮಸಭೆಯಲ್ಲಿ ಎರಡು ಸಲ ಅರ್ಜಿ ಕೊಟ್ಟಿದ್ದೇನೆ, ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ಈ ಸಲ ಸಂಕ ದಾಟುವವರ ಪಟ್ಟಿಯನ್ನೂ ಸೇರಿಸುತ್ತಿದ್ದೇನೆ. ಶಾಲೆಯ ಮಕ್ಕಳು, ಹಾಲಿನವರು, ಕೋಲೂರುವ ನಾನು. ಅಲ್ಲಿಯವರೆಗೆ ವಾರಕ್ಕೆ ಎರಡು ಸಲ ರಿಕ್ಷಾದಲ್ಲಿ ಗೋಣಿ ಹಾಕಿ ಮಾವನ ಮನೆಗೆ ತಟ್ಟೆ ಕಳಿಸುತ್ತೇವೆ. ರಿಕ್ಷಾ ಬಾಡಿಗೆ ಕಳೆದರೆ ನನಗೆ ಆ ಗೋಣಿಯಲ್ಲಿ ಏನೂ ಉಳಿಯುವುದಿಲ್ಲ. ಮಾವ ಮಾತ್ರ ಪ್ರತಿ ಸಲ ಬೇರೆ ಇಟ್ಟ ಬಿರುಕಿನ ತಟ್ಟೆಗಳ ಜೊತೆ ಹೇಳಿ ಕಳಿಸುತ್ತಾರೆ: ಎಂಟಿಂಚಿನ ಅಚ್ಚಿನ ಬಲಗಡೆ ಅಂಚು ಸವೆದಿದೆ, ನೋಡಿಸಿ.