ಮುಂಬೈ ನೋಡಬೇಕೇ? ಮೊದಲು ಜನ ಯಾವ ಕಡೆ ಹೋಗ್ತಾರೆ ನೋಡಿ

ಬೆಳಿಗ್ಗೆ ಒಂಬತ್ತೂಕಾಲು. ದಾದರ್ ಸ್ಟೇಷನ್ನಿನ ಮೇಲ್ಸೇತುವೆಯ ಬುಡದಲ್ಲಿ ಅಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. ಮೆಟ್ಟಿಲ ಮೇಲಿಂದ ಜನ ಇಳಿಯುತ್ತಲೇ ಇದ್ದರು. "ಇದು ಮುಗಿಯೂದು ಯಾವಾಗ?" ಎಂದಳು. ಪಕ್ಕದಲ್ಲಿ ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ನಾನು ಹಿಂದಿಯಲ್ಲಿ ಕೇಳಿದೆ. ಹೂ ಕಟ್ಟುವುದನ್ನು ನಿಲ್ಲಿಸದೆಯೇ ಆಕೆ "ಗ್ಯಾರಾ ಬಜೆ" ಅಂದರು. ಹನ್ನೊಂದು ಗಂಟೆಗೆ.

ನಮಗೆ ಬೇಕಾಗಿದ್ದ ಮಾಹಿತಿ ಅಷ್ಟೇ. ಮುಂಬೈಯಲ್ಲಿ ನೋಡುವ ಜಾಗಗಳು ಹೆಚ್ಚಿನವು ಪುಕ್ಕಟೆ, ಓಡಾಟ ಅಗ್ಗ, ತಿಂಡಿ ಅಗ್ಗ. ಖರ್ಚು ಬರುವುದು ಜನದ ಹೊತ್ತಿನಲ್ಲಿ ಜನದ ದಿಕ್ಕಿನಲ್ಲೇ ಹೊರಟಾಗ. ನುಗ್ಗಾಟಕ್ಕೆ ಸುಸ್ತಾಗಿ ಟ್ಯಾಕ್ಸಿ ಹತ್ತುತ್ತೀರಿ, ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ, ಮೀಟರ್ ನಿಲ್ಲುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಜಾಗಕ್ಕಿಂತ ಹೊತ್ತಿನ ಮಾತು ಜಾಸ್ತಿ ಇದೆ.

ನಾವು ಹೋಗಿದ್ದಕ್ಕೆ ಒಂದು ಕಾರಣವಿತ್ತು. ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಅವರ ಕಾರ್ಡುಗಳನ್ನು ಓದಿ ಬೆಳೆದ ಅಮ್ಮ ಅರವತ್ತಮೂರು ವರ್ಷವಾದರೂ ಆ ಊರು ನೋಡಿರಲಿಲ್ಲ.

ಹೆಜ್ಜೆ 1: ಯಾವಾಗ, ಯಾವ ರೈಲು

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಜೋರು ಮಳೆ ಮತ್ತು ಸಮುದ್ರದ ಭರತ ಒಟ್ಟಿಗೆ ಬಂದರೆ ನೀರು ಹೊರಗೆ ಹರಿಯಲು ದಾರಿಯಿಲ್ಲದೆ ಹಳಿಯ ಮೇಲೆ ನಿಲ್ಲುತ್ತದೆ, ಊರೊಳಗೆ ಓಡುವ ಲೋಕಲ್ ರೈಲು ನಿಂತರೆ ಊರೇ ನಿಂತ ಹಾಗೆ.

ಕರಾವಳಿಯವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಸರಿಯಾಗಿ ಹೊಂದುತ್ತದೆ. ಮಧ್ಯಾಹ್ನ ಮಂಗಳೂರು ಬಿಟ್ಟು ಮರುದಿನ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಟಿಕೆಟ್ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಆ ವಾರವೇ ಸ್ಲೀಪರ್ ಮಾಡಿಸಿಬಿಡಿ. ಬರುವ ದಿನವನ್ನು ಶುಕ್ರವಾರ ಅಥವಾ ಶನಿವಾರಕ್ಕೆ ಇಟ್ಟುಕೊಂಡರೆ ಭಾನುವಾರ ಕೈಯಲ್ಲಿರುತ್ತದೆ. ಅದರ ಬೆಲೆ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 2: ನಡು ಊರಿನಲ್ಲಿ ಉಳಿಯಿರಿ

ಹೊಸಬರು ಮಾಡುವ ತಪ್ಪೆಂದರೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರವೇ ರೂಮು ಹುಡುಕುವುದು. ಕೊಲಾಬಾದಲ್ಲಿ ಅದೇ ದುಡ್ಡಿಗೆ ಗಾಳಿಯಿಲ್ಲದ ಕೋಣೆ ಸಿಗುತ್ತದೆ. ದಾದರ್, ಮಾಟುಂಗಾ, ಸಯನ್ ನೋಡಿ. ದಾದರಿನಲ್ಲಿ ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ಲೈನ್ ಸಿಗುತ್ತವೆ, ಹಾಗಾಗಿ ಎಲ್ಲಿಗೆ ಹೋಗುವುದಾದರೂ ಒಂದೇ ಸ್ಟೇಷನ್ ಕಲಿತರೆ ಸಾಕು. ಒಬ್ಬರೇ ಇದ್ದರೆ ಡಾರ್ಮಿಟರಿ ಸಾಕು. ಸ್ಟೇಷನ್ನಿನಲ್ಲೇ ತಂಗುವ ರೈಲ್ವೆ ರಿಟೈರಿಂಗ್ ರೂಮನ್ನು ನಿಮ್ಮ ರೈಲು ಟಿಕೆಟಿನ ಪಿಎನ್‌ಆರ್ ಹಾಕಿ ಮೊದಲೇ ಬುಕ್ ಮಾಡಬಹುದು, ಆದರೆ ಬೇಗ ಮುಗಿದುಹೋಗುತ್ತದೆ.

ಕೊನೆಯ ದಿನ ರೂಮು ಖಾಲಿ ಮಾಡಿ ಬ್ಯಾಗನ್ನು ದೊಡ್ಡ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಡಿ. ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಊರಿನಿಂದಲೇ ಒಂದು ಚಿಕ್ಕ ಬೀಗ ಇಟ್ಟುಕೊಳ್ಳಿ.

ಹೆಜ್ಜೆ 3: ಲೋಕಲ್ ಕಲಿಯಿರಿ

ಇದಕ್ಕೆ ಅರ್ಧ ದಿನ ಕೊಟ್ಟರೂ ಕೊಡಬಹುದು. ಹಿಂದುಸ್ತಾನದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಹಾದಿಯಲ್ಲೇ ಇಂದಿಗೂ ಸೆಂಟ್ರಲ್ ಲೈನ್ ಓಡುತ್ತಿದೆ. ಊರು ಉದ್ದಕ್ಕೆ ಬೆಳೆದದ್ದೇ ಈ ಹಳಿಗಳ ಗುಂಟ. ತಲೆಯಲ್ಲಿ ಮೂರು ಗೆರೆ ಎಳೆದುಕೊಳ್ಳಿ. ಪಡುವಲಲ್ಲಿ ಚರ್ಚ್‌ಗೇಟಿನಿಂದ ವಿರಾರ್ ಕಡೆಗೆ ವೆಸ್ಟರ್ನ್. ನಡುವೆ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಕಲ್ಯಾಣ್ ಕಡೆಗೆ ಸೆಂಟ್ರಲ್. ಮೂಡಲಲ್ಲಿ ಪನ್ವೇಲ್ ಕಡೆಗೆ ಹಾರ್ಬರ್.

ಈಗ ಹೊತ್ತಿನ ಲೆಕ್ಕ. ಬೆಳಿಗ್ಗೆ ಎಂಟರಿಂದ ಹನ್ನೊಂದು ಜನವೆಲ್ಲ ದಕ್ಷಿಣಕ್ಕೆ, ಅಂದರೆ ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ ಕಡೆಗೆ. ಸಂಜೆ ಐದೂವರೆಯಿಂದ ಎಂಟೂವರೆ ಉತ್ತರಕ್ಕೆ. ನೀವು ಉಲ್ಟಾ ಹೋಗಿ. ಬೆಳಿಗ್ಗೆ ಬೋರಿವಲಿ ಕಡೆಗೆ ಹೊರಡಿ, ದಕ್ಷಿಣಕ್ಕಾದರೆ ಏಳರೊಳಗೆ ಅಥವಾ ಹನ್ನೊಂದರ ಮೇಲೆ. ಅಂಧೇರಿ, ಬಾಂದ್ರಾ ಕಡೆಯೂ ಈಗ ಆಫೀಸುಗಳು ಇರುವುದರಿಂದ ಉಲ್ಟಾ ದಿಕ್ಕಿನಲ್ಲೂ ಪೂರ್ತಿ ಖಾಲಿ ಡಬ್ಬ ಸಿಗುವುದಿಲ್ಲ, ಆದರೆ ನಿಲ್ಲಲು ಜಾಗ, ಉಸಿರಾಡಲು ಗಾಳಿ ಸಿಗುತ್ತದೆ.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡಿನಲ್ಲಿ ರೈಲು ಕೊನೆಗೆ ಎಲ್ಲಿಗೆ ಹೋಗುತ್ತದೆ, ಎಷ್ಟು ನಿಮಿಷದಲ್ಲಿ ಬರುತ್ತದೆ, ಎಷ್ಟು ಡಬ್ಬ, ಫಾಸ್ಟೋ ಸ್ಲೋವೋ ಎಲ್ಲ ಇರುತ್ತದೆ. ಫಾಸ್ಟ್ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ. ಮಾಟುಂಗಾಕ್ಕೆ ಹೋಗಲು ಫಾಸ್ಟ್ ಹತ್ತಿದರೆ ಅದು ಕಣ್ಣೆದುರೇ ದಾಟಿಹೋಗುತ್ತದೆ. ಇನ್ನೊಂದು ಗೊಂದಲ: ಮಾಟುಂಗಾ ಸೆಂಟ್ರಲ್ ಲೈನಿನಲ್ಲಿದೆ, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನಲ್ಲಿದೆ. ಎರಡೂ ಬೇರೆ.

ಟಿಕೆಟಿನ ವಿಷಯ. ದಾದರಿನಿಂದ ಚರ್ಚ್‌ಗೇಟಿಗೆ ಎರಡನೇ ದರ್ಜೆಯಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿಯಾಗುವುದಿಲ್ಲ. ಪ್ರವಾಸಿಗರಿಗೆಂದೇ ಟೂರಿಸ್ಟ್ ಪಾಸ್ ಇದೆ, ಎರಡನೇ ದರ್ಜೆಗೆ ಒಂದು ದಿನಕ್ಕೆ 75 ರೂಪಾಯಿ, ಮೂರು ದಿನಕ್ಕೆ 115, ಐದು ದಿನಕ್ಕೆ 135. ಸುಮ್ನೆ ಲೆಕ್ಕ ಹಾಕಿದರೆ ಒಂದು ದಿನದ ಪಾಸಿನಲ್ಲಿ ದುಡ್ಡು ಉಳಿಯುವುದಿಲ್ಲ. ಮೂರು ದಿನದ್ದು ತೆಗೆದುಕೊಂಡರೆ ಪ್ರತಿ ಸಲ ಕ್ಯೂ ನಿಲ್ಲುವುದು ತಪ್ಪುತ್ತದೆ, ಅದೇ ಲಾಭ. ಎಸಿ ಲೋಕಲ್‌ನಲ್ಲಿ ಈ ಪಾಸ್ ನಡೆಯುವುದಿಲ್ಲ. ಗಡಿಬಿಡಿಯಲ್ಲಿ ಫಸ್ಟ್ ಕ್ಲಾಸ್ ಡಬ್ಬ ಹತ್ತಿಬಿಟ್ಟೀರಿ, ಹೊರಗಿನಿಂದ ಅದು ಎರಡನೇ ದರ್ಜೆಯ ಹಾಗೆಯೇ ಕಾಣುತ್ತದೆ. ಸಿಕ್ಕಿಬಿದ್ದರೆ ದಂಡ.

ಇಳಿಯುವುದೇ ದೊಡ್ಡ ವಿದ್ಯೆ. ಎರಡನೇ ದಿನ ಸಂಜೆ ಆರೂವರೆಗೆ ನಾನು ಅಮ್ಮನನ್ನು ದಾದರಿನಲ್ಲಿ ವಿರಾರ್ ಫಾಸ್ಟ್‌ನ ಮಹಿಳೆಯರ ಡಬ್ಬಕ್ಕೆ ಹತ್ತಿಸಿದೆ, ಅಂಧೇರಿಯಲ್ಲಿ ಇಳಿಯಲೆಂದು. ತಪ್ಪು ನನ್ನದೇ, ಹೊತ್ತೂ ತಪ್ಪು, ರೈಲೂ ತಪ್ಪು. ಅಂಧೇರಿ ಬಂದಾಗ ನಾವಿನ್ನೂ ಡಬ್ಬದ ನಡುವೆ ಇದ್ದೆವು. ಬಾಗಿಲು ಎಂಟು ಹೆಜ್ಜೆ ದೂರ, ದಾಟಲು ಆಗಲಿಲ್ಲ. ಅಮ್ಮನ ಒಂದು ಚಪ್ಪಲಿ ಕಾಲಿನಿಂದ ಜಾರಿ ಎಲ್ಲೋ ಹೋಯಿತು. ಅವಳ ಮುಖ ನೋಡಿ ನನಗೆ ಅಳು ಬಂತು. ಸೀಟಿನಲ್ಲಿ ಕೂತು ಮಡಿಲ ಪ್ಲಾಸ್ಟಿಕ್ ಚೀಲಕ್ಕೆ ಮೆಂತ್ಯ ಸೊಪ್ಪು ಬಿಡಿಸಿ ಹಾಕುತ್ತಿದ್ದ ಹೆಂಗಸೊಬ್ಬರು ಸೊಪ್ಪಿನ ಸಮೇತ ಎದ್ದು ಅಮ್ಮನನ್ನು ಕೂರಿಸಿದರು. ಆಮೇಲೆ ನನಗೆ ಕ್ರಮ ಹೇಳಿಕೊಟ್ಟರು. ನಿಮ್ಮ ಸ್ಟೇಷನ್ನಿಗೆ ಎರಡು ನಿಲ್ದಾಣ ಮೊದಲೇ ಏಳಬೇಕು. ಮುಂದಿನವರ ಭುಜ ಮುಟ್ಟಿ "ಅಂಧೇರಿ?" ಎಂದು ಕೇಳಬೇಕು. ಹೌದಾದರೆ ಅವರ ಹಿಂದೆ ನಿಲ್ಲಬೇಕು, ಅಲ್ಲವಾದರೆ ಅವರೇ ಪಕ್ಕಕ್ಕೆ ಸರಿದು ಮುಂದೆ ಬಿಡುತ್ತಾರೆ. ಜತೆಗೆ, ಹತ್ತಿರದ ಊರಿಗೆ ದೂರದ ಫಾಸ್ಟ್ ಹತ್ತಬಾರದು. ಅಂಧೇರಿಗೆ ಹೋಗುವವರು ಅಂಧೇರಿ ಅಥವಾ ಬೋರಿವಲಿ ಲೋಕಲ್‌ಗೆ ಕಾಯಬೇಕು. ಬೋರಿವಲಿಯಲ್ಲಿ ನಮ್ಮನ್ನು ಇಳಿಸಿಯೇ ಅವರು ಸಮಾಧಾನಪಟ್ಟಿದ್ದು.

ವಯಸ್ಸಾದವರು ಜತೆಗಿದ್ದರೆ ಒಂದೆರಡು ಸಲ ಮೆಟ್ರೊ ಹತ್ತಿ. ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿಲೋಮೀಟರಿನ ನೆಲದಡಿಯ ಲೈನ್ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ದಾದರ್, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಆ ದಾರಿಯಲ್ಲಿವೆ, ಲಿಫ್ಟ್ ಇದೆ. ಊರಿನ ಸಿಟಿ ಬಸ್ಸಿಗೆ ಬೆಸ್ಟ್ ಎಂದು ಹೆಸರು, ಅದರ ಕನಿಷ್ಠ ಟಿಕೆಟ್ 10 ರೂಪಾಯಿ. ಆಟೊ ಬಾಂದ್ರಾ, ಸಯನ್‌ನಿಂದ ದಕ್ಷಿಣಕ್ಕೆ ಬರುವಂತಿಲ್ಲ, ಅಲ್ಲಿ ಟ್ಯಾಕ್ಸಿ ಮಾತ್ರ.

ಹೆಜ್ಜೆ 4: ಭಾನುವಾರ ಬೆಳಿಗ್ಗೆ ಕೋಟೆ ಪ್ರದೇಶ

ವಾರದ ದಿನ ಫೋರ್ಟ್‌ನಲ್ಲಿ ತಲೆ ಎತ್ತಿ ಕಟ್ಟಡ ನೋಡಿದರೆ ಯಾರಾದರೂ ಡಿಕ್ಕಿ ಹೊಡೆಯುತ್ತಾರೆ. ಭಾನುವಾರ ಏಳಕ್ಕೆ ಆ ಬೀದಿಗಳು ನಿಮ್ಮವೇ. ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನದ ನಡುವೆ ಹೋಗಿ ನಿಲ್ಲಿ. ಮೂಡಲಕ್ಕೆ ಹೈಕೋರ್ಟು, 1878ರಲ್ಲಿ ಮುಗಿದ ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಕಲ್ಲಿನ ಚೂಪು ಕೆಲಸ. ತಿರುಗಿ ಪಡುವಲಕ್ಕೆ ನೋಡಿದರೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಶೈಲಿಯ ಮನೆಗಳು. ನಡುವೆ ಹುಡುಗರ ಹತ್ತಾರು ಕ್ರಿಕೆಟ್ ಆಟ, ಯಾರ ಚೆಂಡು ಯಾರಿಗೆ ಎಂದು ಅವರಿಗೇ ಗೊತ್ತು. ಎರಡೂ ಕಡೆಯ ಈ ಸಾಲುಗಳು 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಅಲ್ಲಿಂದ ಕಾಲಾ ಘೋಡಾ, 1924ರ ಗೇಟ್‌ವೇ, ಹಾಗೇ ಸುತ್ತಿ ಸಿಎಸ್‌ಎಂಟಿಗೆ ನಡೆಯಿರಿ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ, ತೆರೆದಾಗ ಒಳಗೆ ಹೋಗಿ ಕೂತು ಸುಧಾರಿಸಿಕೊಳ್ಳಬಹುದು. ಗಾಂಧೀಜಿ 1917ರಿಂದ 1934ರವರೆಗೆ ಬಂದು ಉಳಿಯುತ್ತಿದ್ದ ಮಣಿ ಭವನ ಗಾಮದೇವಿಯಲ್ಲಿದೆ, ಮರೀನ್ ಡ್ರೈವ್‌ಗೆ ಹೋಗುವ ದಿನ ಸೇರಿಸಿಕೊಳ್ಳಿ. ಒಂದು ಎಚ್ಚರ: ಭಾನುವಾರ ಹಗಲು ಹಳಿ ರಿಪೇರಿಗೆಂದು "ಮೆಗಾ ಬ್ಲಾಕ್" ಇರುತ್ತದೆ. ಯಾವ ಲೈನಿನಲ್ಲಿ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಹೆಜ್ಜೆ 5: ಕನ್ಹೇರಿ ಬಿಡಬೇಡಿ

ಎಲ್ಲರೂ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಓಡುತ್ತಾರೆ. ಅಲ್ಲಿನ ಮಹೇಶಮೂರ್ತಿಯನ್ನು ನೋಡಲೇಬೇಕು ಎನ್ನುವವರಿಗೆ ನಾನು ಅಡ್ಡ ಬರುವುದಿಲ್ಲ, ಸೋಮವಾರ ಮಾತ್ರ ಹೋಗಬೇಡಿ, ಅಂದು ರಜೆ. ಆದರೆ ದೋಣಿಗೇ ಒಬ್ಬರಿಗೆ ಮುನ್ನೂರರ ಆಸುಪಾಸು ಬೇಕು. ಒಂದೇ ಗುಹೆ ನೋಡಲು ಸಮಯವಿದೆ ಎಂದಾದರೆ ನನ್ನ ಓಟು ಕನ್ಹೇರಿಗೆ.

ಬೆಳಿಗ್ಗೆ ಜನಕ್ಕೆ ಬೆನ್ನು ಹಾಕಿ ಬೋರಿವಲಿಗೆ ಹೋಗಿ, ಪೂರ್ವಕ್ಕೆ ಇಳಿಯಿರಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ನಡೆಯುವಷ್ಟು ದೂರ. ಗುಹೆಗಳು ಕಾಡಿನ ಒಳಗಿವೆ, ಗೇಟಿನಿಂದ ಬಸ್ಸು ಹೋಗುತ್ತದೆ. ಸೋಮವಾರ ಇಲ್ಲೂ ರಜೆ. ಕರಿಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆ, ಬೌದ್ಧ ಭಿಕ್ಷುಗಳು ಇದ್ದು, ಓದಿ, ಮಲಗಿದ ಕೋಣೆಗಳು. ಪ್ರತಿ ಬಾಗಿಲ ಹತ್ತಿರ ಬಗ್ಗಿ ನೋಡಿ. ಬಂಡೆಯ ಮೇಲೆ ಬೆರಳಗಲದ ತೋಡು ಕಡೆದಿದ್ದಾರೆ, ಮಳೆನೀರು ಅದರಲ್ಲಿ ಇಳಿದು ನೆಲದ ತೊಟ್ಟಿಗೆ ಬೀಳುತ್ತದೆ. ಅಮ್ಮ ಆ ತೋಡಿಗೆ ಬಾಟಲಿಯಿಂದ ಒಂದು ಗುಟುಕು ನೀರು ಬಿಟ್ಟಳು. ನೀರು ಎಲ್ಲೂ ಚದುರದೆ ನೆಟ್ಟಗೆ ಹೋಗಿ ತೊಟ್ಟಿಯ ಬಾಯಿ ಸೇರಿತು.

ಇಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಸಾಮಂತರು ತಮ್ಮ ಒಡೆಯನ ಹೆಸರು ಬರೆಸಿದ್ದಾರೆ. ಆ ಒಡೆಯ ರಾಷ್ಟ್ರಕೂಟ ಅಮೋಘವರ್ಷ, ನಮ್ಮ ನೃಪತುಂಗ. ಮಳಖೇಡದ ದೊರೆಯ ಹೆಸರು ಬೋರಿವಲಿಯ ಬಂಡೆಯ ಮೇಲೆ ಸಿಕ್ಕಿದಾಗ ಖುಷಿಯಾಗುತ್ತೆ ಅಲ್ವಾ?

ಹೆಜ್ಜೆ 6: ಸಮುದ್ರ, ಅಗ್ಗದ ದೋಣಿಯಲ್ಲಿ

ಮೆಟ್ರೊ ಒಂದನೇ ಲೈನಿನ ಕೊನೆ ವರ್ಸೋವಾ. ಅಲ್ಲಿಂದ ಜೆಟ್ಟಿಗೆ ಆಟೊ. ಜೆಟ್ಟಿಯಿಂದ ಮಡ್ ದ್ವೀಪದ ಕಡೆಗೆ ದೋಣಿ, ಕೆಲವೇ ರೂಪಾಯಿ, ಕೆಲವೇ ನಿಮಿಷ. ಬೈಕುಗಳೂ ಜನರ ಜತೆ ದೋಣಿ ಹತ್ತುತ್ತವೆ. ಎರಡೂ ದಡದಲ್ಲಿ ಕೋಲಿ ಸಮುದಾಯದ ಮೀನುಗಾರರ ಮನೆ, ಒಣಗುವ ಬೊಂಬಿಲ್ ಮೀನು, ಬಣ್ಣದ ದೋಣಿಗಳು. ಗಂಗೊಳ್ಳಿ ಬಂದರು ನೋಡಿದವರಿಗೆ ಆ ವಾಸನೆ ಮನೆಯದೇ. ಮರೀನ್ ಡ್ರೈವ್ ಮಾತ್ರ ರಾತ್ರಿ ಒಂಬತ್ತರ ಮೇಲೆ ಇಟ್ಟುಕೊಳ್ಳಿ. ದೀಪದ ಸಾಲು ನೋಡಿ ಮುಗಿಯುವ ಹೊತ್ತಿಗೆ ಲೋಕಲ್‌ನಲ್ಲಿ ಸೀಟೂ ಸಿಗುತ್ತದೆ.

ಹೆಜ್ಜೆ 7: ಊಟಕ್ಕೆ ಮಾಟುಂಗಾ

ಬೆಳಿಗ್ಗೆ ಬೀದಿಯ ವಡಾ ಪಾವ್, ಸಂಜೆ ಇರಾನಿ ಹೋಟೆಲಿನ ಬನ್ ಮಸ್ಕಾ ಮತ್ತು ಚಹಾ, ಮಧ್ಯಾಹ್ನ ಒಂದು ಸರಿಯಾದ ಊಟ. ಹೀಗೆ ಇಟ್ಟುಕೊಂಡರೆ ಒಬ್ಬರಿಗೆ ದಿನಕ್ಕೆ ನಾನೂರು ರೂಪಾಯಿಯಲ್ಲಿ ಆಗುತ್ತದೆ. ಜನ ಜಾಸ್ತಿ ಇರುವ ಗಾಡಿಯಲ್ಲೇ ತಿನ್ನಿ, ಅಲ್ಲಿ ವಡೆ ಬಾಣಲೆಯಿಂದ ನೇರ ಪಾವಿನೊಳಗೆ ಹೋಗುತ್ತದೆ. ನೀರಿನ ಬಾಟಲಿ ನಿಮ್ಮದೇ ಇರಲಿ.

ಮಾಟುಂಗಾ ಪೂರ್ವದಲ್ಲಿ ಸ್ಟೇಷನ್ ಹೊರಗೆ ಬಂದ ಕೂಡಲೇ ಬಾಳೆಲೆ, ಮಲ್ಲಿಗೆ, ಹುರಿದ ಕಾಫಿಬೀಜದ ವಾಸನೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲೇ ಭಾವು ದಾಜಿ ರಸ್ತೆಯಲ್ಲಿದೆ, ಏನಾದರೂ ನಾಟಕವೋ ಹಾಡೋ ಇದೆಯಾ ಎಂದು ಕೇಳಿಕೊಂಡು ಹೋಗಿ. ತಿಂಡಿಗೆ ಕೆಫೆ ಮದ್ರಾಸ್, ರಾಮಾಶ್ರಯ. ಶನಿವಾರ-ಭಾನುವಾರ ಅಲ್ಲಿ ಹೆಸರು ಬರೆಸಿ ಬಾಗಿಲಲ್ಲಿ ಕಾಯಬೇಕು, ವಾರದ ದಿನ ಹೋದರೆ ಅಷ್ಟು ಕಾಯಬೇಕಿಲ್ಲ. ಊಟಕ್ಕೆ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೆದುಬಂದದ್ದು. ಹನ್ನೆರಡರೊಳಗೆ ಹೋಗಿ. ಬಾಳೆಲೆ ಊಟ ಬೇಕೆಂದು ಮೊದಲೇ ಹೇಳಿ.

ಕೊನೆಯ ದಿನ ಅಮ್ಮ ಎಲೆಯ ಮುಂದೆ ಕೂತು ಮೊದಲು ಸಾರನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಬಡಿಸುತ್ತಿದ್ದ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. "ಯಾವ ಊರು ಮಗಾ?" ಎಂದು ಕನ್ನಡದಲ್ಲೇ ಕೇಳಿದಳು. "ಬೈಂದೂರು ಹತ್ರ, ಅಮ್ಮ" ಎಂದು ಹುಡುಗ ಹುಳಿಯ ಬಕೆಟ್ ಕೆಳಗಿಟ್ಟ. "ಓದ್ತಾ ಇದ್ದೀಯಾ?" ಎಂದಳು. ಸಂಜೆ ಕ್ಲಾಸಿಗೆ ಹೋಗ್ತೇನೆ ಎಂದ. ಅಮ್ಮ ಏನೂ ಹೇಳಲಿಲ್ಲ. ಅವನು ಎರಡನೇ ಸಲ ಅನ್ನ ತಂದಾಗ ಬೇಡ ಎನ್ನಲೂ ಇಲ್ಲ.