ಕನ್ನಡಕ ಕೂರಿಸುವವನ ಬಾಯಿ ವಾಸನೆ

ಮಲ್ಲೇಶ್ವರದ ಒಂದು ಕನ್ನಡಕದ ಅಂಗಡಿಯಲ್ಲಿ ನಾನು 16 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಕೆಲಸದಲ್ಲಿ ಗಿರಾಕಿಯ ಮುಖಕ್ಕೆ ಮುಖ ಕೊಡದೆ ವಿಧಿಯಿಲ್ಲ. ಎರಡು ಪಾಪೆಗಳ ನಡುವಿನ ದೂರ ಅಳೆಯಬೇಕಾದರೆ ಮೂಗಿನ ಮೇಲೆ ಸ್ಕೇಲ್ ಇಟ್ಟು, ಒಂದು ಮೊಳ ದೂರದಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಓದಬೇಕು. ಎಲ್ಲಾ ಮಿಲಿಮೀಟರ್ ಲೆಕ್ಕ. ಕಿವಿ ಹಿಂದೆ ಕಡ್ಡಿ ಬಗ್ಗಿಸುವಾಗಲಂತೂ ಇನ್ನೂ ಹತ್ತಿರ.

ಒಂದು ದಿನ ಹಾಗೆ ಅಳೆಯುವಾಗ ಒಬ್ಬರು ಅಜ್ಜಿ ತಲೆ ಹಿಂದಕ್ಕೆ ಎಳೆದುಕೊಂಡರು. "ಅಲ್ಲಾಡಬೇಡಿ ಅಮ್ಮ" ಅಂದೆ. ಮತ್ತೆ ಎಳೆದುಕೊಂಡರು. ಮೂರನೇ ಸಲ ನನ್ನ ಕೈ ಹಿಡಿದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಬೇಜಾರ್ ಮಾಡ್ಕೋಬೇಡಪ್ಪ, ಬಾಯಿ ವಾಸನೆ ಬರ್ತಿದೆ. ಒಂದ್ಸಲ ಹಲ್ಲು ತೋರಿಸ್ಕೋ" ಅಂದರು.

ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಪಕ್ಕದ ಕೌಂಟರಿನವನು ದಿನಾ ಮಧ್ಯಾಹ್ನ "ತಗೋ ಗುರು" ಅಂತ ಏಲಕ್ಕಿ ಕೊಡುತ್ತಿದ್ದದ್ದು ಯಾಕೆ ಅಂತ ಆವತ್ತು ಹೊಳೆಯಿತು. ರಾತ್ರಿ ಹೆಂಡತಿಯನ್ನು ಕೇಳಿದೆ. "ಎರಡು ವರ್ಷದಿಂದ ಇದೆ" ಅಂದಳು. ಮತ್ತೆ ಯಾಕೆ ಹೇಳಲಿಲ್ಲ? "ನಿಮಗೇ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಾಗಲ್ಲ, ಅದೇ ತೊಂದರೆ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಅಂಗೈಗೆ ಉಫ್ ಅಂತ ಊದಿ ಮೂಸಿ ನೋಡಿದರೂ ಅಂಗೈ ವಾಸನೆಯೇ ಬರುವುದು.

ಮೊದಲು ನಾನು ಮಾಡಿದ್ದೆಲ್ಲಾ ತಪ್ಪೇ. ಬಾಯಿ ಉರಿಯುವಂಥ ಮೌತ್‌ವಾಶ್ ತಂದೆ. ಅರ್ಧ ಗಂಟೆ ಪುದೀನ, ಆಮೇಲೆ ಯಥಾಪ್ರಕಾರ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯಿ ಒಣಗಿಸಬಹುದು ಅಂತ ಆಮೇಲೆ ತಿಳಿಯಿತು. ಇನ್ನು ನೆಂಟರೆಲ್ಲಾ ಒಂದೇ ಮಾತು, "ಹೊಟ್ಟೆ ಸರಿ ಇಲ್ಲ." ಎರಡು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ, ಜೀರಿಗೆ ಕಷಾಯ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಅನ್ನನಾಳ ನುಂಗುವಾಗ, ತೇಗುವಾಗ ಬಿಟ್ಟರೆ ಸುಮಾರಾಗಿ ಮುಚ್ಚಿಕೊಂಡೇ ಇರುತ್ತದೆ. ಹೊಟ್ಟೆಯಿಂದ ವಾಸನೆ ಬರುವುದೇ ಇಲ್ಲ ಅಂತಲ್ಲ, ಕಡಿಮೆ. ಹೆಚ್ಚಿನವರಿಗೆ ವಾಸನೆ ಹುಟ್ಟುವುದು ಬಾಯಲ್ಲೇ. ಗಾಳಿಯಾಡದ ಸಂದಿಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು, ಊಟದ ಚೂರು, ಉದುರಿದ ಚರ್ಮದ ಕಣ ಎಲ್ಲಾ ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಅದರಲ್ಲೊಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ನಾತ ಅಂತಾರಲ್ಲ, ಅದೇ.

ಹಾಗಾದರೆ ನನ್ನ ಬಾಯಲ್ಲಿ ಆ ಸಂದಿ ಎಲ್ಲಿದೆ? ಮನೆಯಲ್ಲೇ ಹುಡುಕಿದೆ. ಸ್ಟೀಲ್ ಚಮಚ ಬೋರಲು ಹಾಕಿ ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದು, ಸ್ವಲ್ಪ ಹೊತ್ತು ಬಿಟ್ಟು ಮೂಸಿದೆ. ಹಳದಿ ಲೋಳೆ, ಕೆಟ್ಟ ವಾಸನೆ. ಆಮೇಲೆ ಹಲ್ಲಿನ ದಾರ, ಫ್ಲಾಸ್ ಅಂತಾರಲ್ಲ, ಅದನ್ನು ಒಂದೊಂದು ಸಂದಿಗೂ ಹಾಕಿ ಬೇರೆ ಬೇರೆಯಾಗಿ ಮೂಸಿದೆ. ಮುಂದಿನ ಹಲ್ಲುಗಳದ್ದು ಏನೂ ಇಲ್ಲ. ಕೆಳಗಡೆ ಬಲಕ್ಕೆ, 8 ವರ್ಷದ ಹಿಂದೆ ಕ್ಯಾಪ್ ಹಾಕಿಸಿದ್ದ ದವಡೆ ಹಲ್ಲಿನ ಪಕ್ಕದಿಂದ ಬಂದ ದಾರ ಮೂಸಿದ್ದೇ ತಡ, ತಲೆ ಹಿಂದಕ್ಕೆ ಹೋಯಿತು. ಥೇಟ್ ಆ ಅಜ್ಜಿ ಹಾಗೆ.

ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋದೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದರೆ ನಡೆದು ಹೋಗಬಹುದು. ವಸಡಿನ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದ ಡಾಕ್ಟರಮ್ಮ ಒಂದು ಸಣ್ಣ ಕಡ್ಡಿ ತೆಗೆದರು. ಅದರ ಮೇಲೆ ಗೆರೆಗಳು. ಹಲ್ಲಿಗೂ ವಸಡಿಗೂ ನಡುವೆ ಅದನ್ನು ಇಳಿಸಿ, ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಬರೆದುಕೊಳ್ಳಲು ಹೇಳುತ್ತಾ ಹೋದರು. "ತ್ರೀ, ಟೂ, ತ್ರೀ. ಟೂ, ಟೂ, ತ್ರೀ." ಇವರೂ ನಮ್ಮವರೇ, ಮಿಲಿಮೀಟರ್ ಗಿರಾಕಿಗಳು ಅಂತ ಅಲ್ಲೂ ನನಗೆ ನಗು. ಬಲಗಡೆ ಕೆಳಕ್ಕೆ ಬಂದಾಗ "ಫೈವ್, ಸಿಕ್ಸ್, ಸಿಕ್ಸ್" ಅಂದರು. ನಗು ನಿಂತಿತು.

3 ಮಿಲಿಮೀಟರ್ ತನಕ ಪರವಾಗಿಲ್ಲವಂತೆ. 6 ಅಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಒಂದು ಜೇಬು ಆಗಿದೆ ಅಂತ ಅರ್ಥ. ಆ ಜೇಬಿನ ತಳಕ್ಕೆ ಯಾವ ಬ್ರಷ್ಷೂ ಹೋಗುವುದಿಲ್ಲ. ಕ್ಯಾಪಿನ ಅಂಚೂ ಸರಿಯಾಗಿ ಕೂತಿರಲಿಲ್ಲ, ಊಟದ ಚೂರು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನೋವು ಮಾತ್ರ ಒಂದು ದಿನಕ್ಕೂ ಬಂದಿರಲಿಲ್ಲ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೆದರಿಸುತ್ತಾರೆ. ನಾನೂ ಅದಕ್ಕೇ ಇಷ್ಟು ವರ್ಷ ಹೋಗಿರಲಿಲ್ಲ. ನಿಜ ಏನಂದರೆ, ಕಲ್ಲಿನ ಹಾಗೆ ಗಟ್ಟಿಯಾದ ಪಾಚಿ ಸಂದಿ ತುಂಬಿಕೊಂಡಿರುತ್ತದೆ. ಅದನ್ನು ತೆಗೆದು ಊದಿದ ವಸಡು ಇಳಿದಾಗ ಸಂದಿ ಕಾಣಿಸುತ್ತದೆ, ಅಷ್ಟೇ. ಮೇಲಿನದ್ದು ಒಂದು ದಿನ ತೆಗೆದರು. ಜೇಬಿನ ಒಳಗಿನದ್ದನ್ನು ಇನ್ನೊಂದು ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ತನಕ ಕೆರೆದರು. ಒಂದು ವಾರ ತಣ್ಣೀರು ಜುಂ ಅನ್ನುತ್ತಿತ್ತು. ಕ್ಯಾಪ್ ಬದಲಾಯಿಸಿದ್ದು ಆಮೇಲೆ.

ಕ್ಲೋರ್‌ಹೆಕ್ಸಿಡಿನ್ ಅಂತ ಬಾಯಿ ಮುಕ್ಕಳಿಸುವ ಔಷಧಿ ಬರೆದುಕೊಟ್ಟರು, ಎರಡೇ ವಾರಕ್ಕೆ. ಹಲ್ಲುಜ್ಜಿದ ತಕ್ಷಣ ಹಾಕಬೇಡಿ, ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತೆ, ಅರ್ಧ ಗಂಟೆ ಬಿಡಿ ಅಂದಿದ್ದರು. ನಾನು "ಸಾರಿಗೆ ಉಪ್ಪೇ ಹಾಕಿಲ್ಲ" ಅಂತ ಹೆಂಡತಿ ಜೊತೆ ಎರಡು ದಿನ ಜಗಳ ಆಡಿದೆ. ನೋಡಿದರೆ ಆ ಔಷಧಿ ಉಪ್ಪಿನ ರುಚಿಯನ್ನೇ ಮಂಕು ಮಾಡುತ್ತದಂತೆ. ಜಾಸ್ತಿ ದಿನ ಬಳಸಿದರೆ ಹಲ್ಲು, ನಾಲಿಗೆ ಕಂದು ಬಣ್ಣಕ್ಕೆ ತಿರುಗುತ್ತವೆ. ಚೆನ್ನಾಗಿದೆ ಅಂತ ಮುಂದುವರಿಸುವ ಔಷಧಿ ಅಲ್ಲ ಅದು.

ನಾಲಿಗೆ ಕೆರೆಯುವುದು ನನಗೇನು ಹೊಸದಲ್ಲ. ನಮ್ಮ ತಾತ ಬೆಳಿಗ್ಗೆ ಐದಕ್ಕೆ ತೆಂಗಿನ ಕಡ್ಡಿ ಸೀಳಿ ನಾಲಿಗೆ ಕೆರೆದುಕೊಂಡು ಮಾಡುತ್ತಿದ್ದ ಸದ್ದಿಗೆ ಇಡೀ ವಠಾರ ಏಳುತ್ತಿತ್ತು. ಆದರೆ ನಾನು ಕೆರೆಯುತ್ತಿದ್ದದ್ದು ಮುಂದಿನ ಅರ್ಧ ಮಾತ್ರ. ಕೊಳೆ ಕೂರುವುದು ಹಿಂದೆ. ವಾಂತಿ ಬಂದ ಹಾಗಾಗುತ್ತದೆ, ಅದಕ್ಕೆ ನಾಲಿಗೆ ಪೂರ್ತಿ ಹೊರಗೆ ಚಾಚಿ, ಉಸಿರು ಬಿಡುತ್ತಾ ಕೆರೆಯಬೇಕು. ನಾಲ್ಕೈದು ಸಲ ಸಾಕು. ರಕ್ತ ಬರುವ ಹಾಗೆ ಕೆರೆದರೆ ಹುಣ್ಣಾಗುತ್ತೆ, ನನಗೆ ಆಗಿತ್ತು.

ಇಷ್ಟೆಲ್ಲಾ ಆದರೂ ಬೆಳಿಗ್ಗೆ ಮತ್ತು ಸಂಜೆ ಅಂಗಡಿಯಲ್ಲಿ ವಾಸನೆ ಉಳಿದಿತ್ತು. ಇದು ಗೊತ್ತಾದದ್ದು ಅಂಕ ಹಾಕಿಸಿದ್ದರಿಂದ. ಈ ವಾಸನೆಯನ್ನು ಡಾಕ್ಟರುಗಳೂ ಮೂಗಿನಿಂದಲೇ ಮೂಸಿ 0ಯಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಲೆನ್ಸ್ ಆರ್ಡರ್ ಬರೆಯುವ ಹಳೇ ಪುಸ್ತಕದಲ್ಲಿ ನಾನೂ ಶುರು ಮಾಡಿದೆ. ಮನೆಯಲ್ಲಿ ಹೆಂಡತಿ, ಅಂಗಡಿಯಲ್ಲಿ ಏಲಕ್ಕಿ ಗೆಳೆಯ. ಅವನಂತೂ ದಾಕ್ಷಿಣ್ಯವೇ ಇಲ್ಲದೆ ಕೊಡುತ್ತಿದ್ದ. ಮಧ್ಯಾಹ್ನ ಊಟ ಆದ ಮೇಲೆ 1, ಸಂಜೆ ಆರಕ್ಕೆ 3.

ಪುಸ್ತಕ ತೋರಿಸಿದಾಗ ಡಾಕ್ಟರಮ್ಮ ಕೇಳಿದ್ದು ಒಂದೇ, "ರಾತ್ರಿ ಏನಾದ್ರೂ ಮಾತ್ರೆ ತಗೋತೀರಾ?" ತಗೊಳ್ಳುತ್ತಿದ್ದೆ. ಬೆಂಗಳೂರಿನ ಧೂಳಿಗೆ ಮೂಗು ಕಟ್ಟಿ, ದಿನಾ ಒಂದು ಸೆಟಿರಿಜಿನ್. ಅಲರ್ಜಿ ಮಾತ್ರೆಗಳು ಜೊಲ್ಲು ಕಡಿಮೆ ಮಾಡಬಹುದು. ಮೂಗು ಕಟ್ಟಿದರೆ ರಾತ್ರಿಯೆಲ್ಲಾ ಬಾಯಲ್ಲಿ ಉಸಿರು. ನಿದ್ದೆಯಲ್ಲಿ ಜೊಲ್ಲು ಮೊದಲೇ ಕಮ್ಮಿ. ಬಾಯಿ ತೊಳೆಯುವ ನೀರೇ ನಿಂತುಹೋದ ಹಾಗೆ. ಹಗಲು ಎ.ಸಿ., ಬಾಯಿ ತುಂಬಾ ಮಾತು, ಐದು ಬೈಟು ಕಾಫಿ, ನೀರು ಮಾತ್ರ ಇಲ್ಲ. ತಿಂಡಿಯನ್ನೂ ಎಷ್ಟೋ ದಿನ ಬಿಡುತ್ತಿದ್ದೆ. ಅಗಿದರೆ ಜೊಲ್ಲು ಬರುತ್ತದೆ, ಅದೂ ಇಲ್ಲದಾಯಿತು.

ಕಿವಿ ಮೂಗು ಗಂಟಲಿನ ಡಾಕ್ಟರು ಮಾತ್ರೆ ನಿಲ್ಲಿಸಿ ಮೂಗಿಗೆ ಸ್ಪ್ರೇ ಕೊಟ್ಟರು. ಅವರು ಟಾರ್ಚ್ ಬಿಟ್ಟು ಟಾನ್ಸಿಲ್ ಕೂಡ ನೋಡಿದರು. ಕೆಲವರಿಗೆ ಅಲ್ಲಿನ ಗುಳಿಗಳಲ್ಲಿ ಅಕ್ಕಿ ನುಚ್ಚಿನ ಹಾಗೆ ಬಿಳಿ ಹರಳು ಕೂತು ನಾರುತ್ತದಂತೆ. ನನಗಿರಲಿಲ್ಲ. ಬಾಯಿ, ಮೂಗು, ಗಂಟಲು ಎಲ್ಲಾ ಸರಿ ಇದ್ದೂ ವಾಸನೆ ಇದ್ದರೆ ಸಕ್ಕರೆ, ಕಿಡ್ನಿ ಕಡೆ ನೋಡಬೇಕು ಅಂದರು. ಬೆಳ್ಳುಳ್ಳಿ ತಿಂದ ವಾಸನೆ ಬೇರೆ. ಅದು ರಕ್ತಕ್ಕೆ ಸೇರಿ ಉಸಿರಲ್ಲೇ ಬರುತ್ತದೆ, ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ, ಮಾರನೇ ದಿನಕ್ಕೆ ತಾನೇ ಇಳಿಯುತ್ತೆ.

ಈಗ ರಾತ್ರಿ ಹಲ್ಲುಜ್ಜುವ ಮುಂಚೆ ಸಂದಿಗೆ ಹಾಕುವ ಪುಟ್ಟ ಬ್ರಷ್ ಬಳಸುತ್ತೇನೆ. ಮೊದಲ ವಾರ ರಕ್ತ ಬಂತು, ಹೆದರದೆ ಮುಂದುವರಿಸಿದೆ, ನಿಂತಿತು. ಮೂರು ತಿಂಗಳಾದ ಮೇಲೆ ಅಳೆದಾಗ 6 ಇದ್ದದ್ದು 4ಕ್ಕೆ ಬಂದಿತ್ತು. ಪುಸ್ತಕದಲ್ಲಿ ಹೆಚ್ಚಾಗಿ 0, 1. ಡಿಸೆಂಬರ್ ಚಳಿಗೆ ಮೂಗು ಕಟ್ಟಿದರೆ ಮಾತ್ರ 2.

ಹೋದ ವಾರ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತೈದು ಇರಬಹುದು. ಸ್ಕೇಲ್ ಇಟ್ಟು ಬಗ್ಗಿದೆ, ವಾಸನೆ ಬಂತು. ಆ ಕ್ಯಾಪಿನ ದಾರದ್ದೇ ವಾಸನೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬೇಕು ಅಂತ ತುಟಿ ತನಕ ಬಂತು. 64 ಅಂತ ಬರೆದುಕೊಂಡು, "ಫ್ರೇಮ್ ಕಿವಿ ಹತ್ರ ಒತ್ತುತ್ತಾ ಸಾರ್?" ಅಂತ ಕೇಳಿದೆ.