ಪೆರಿಡೊಟೈಟ್ ತೇಯ್ದ ಮಳೆಗಾಲ

ಕಾರವಾರದ ಮಕ್ಕಳಿಗೆ ಕಲ್ಲೆಂದರೆ ಮನೆಗೋಡೆಯ ಚಿರೇಕಲ್ಲು, ಇಲ್ಲವೇ ಕಡಲಂಚಿನ ಬಂಡೆ. ಭೂಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್ ಎಂದರೆ ಪಠ್ಯಪುಸ್ತಕದಲ್ಲಿ ಕಿತ್ತಳೆ ಬಣ್ಣ ಬಳಿದ ಪಟ್ಟೆ. ಆ ಪಟ್ಟೆಯ ಮೇಲ್ಭಾಗ ಬಹುಮಟ್ಟಿಗೆ ಪೆರಿಡೊಟೈಟ್ ಎಂಬ ಕಲ್ಲು ಎಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಆ ಕಲ್ಲಿನ ಒಳಗನ್ನು ಒಮ್ಮೆಯೂ ತೋರಿಸಿರಲಿಲ್ಲ. ಕಳೆದ ಮಳೆಗಾಲದಲ್ಲಿ ನಾನೇ ತೇಯಲು ಕುಳಿತೆ.

ಕಲ್ಲು ಸ್ನೇಹಿತರೊಬ್ಬರ ಮೂಲಕ ಮೈಸೂರು ಬಳಿಯ ಸಿಂಧುವಳ್ಳಿಯಿಂದ ಬಂತು. ಇದು ಮ್ಯಾಂಟಲ್‌ನಿಂದ ಕಳಚಿ ಬಂದ ತುಂಡಲ್ಲ. ಅಲ್ಲಿಂದ ಮೇಲೇರಿದ ಶಿಲಾರಸ ಭೂಚಿಪ್ಪಿನೊಳಗೆ ಗಟ್ಟಿಯಾಗಿ ಆದದ್ದು. ಖನಿಜಗಳು ಮಾತ್ರ ಅವೇ, ಆಲಿವೀನ್ ಮತ್ತು ಪೈರಾಕ್ಸೀನ್. ಈ ವ್ಯತ್ಯಾಸವನ್ನು ಮಕ್ಕಳಿಂದ ಮುಚ್ಚಿಡಬಾರದು.

ಮೊದಲು ತೂಗಿದೆ. ಹಾಗೆಯೇ ತೂಗಿದರೆ 612 ಗ್ರಾಂ, ನೂಲಿಗೆ ಕಟ್ಟಿ ನೀರಿನಲ್ಲಿ ಮುಳುಗಿಸಿದರೆ 408. ಅಂದರೆ ಸಾಂದ್ರತೆ 3.0. ಕೆಡದ ಪೆರಿಡೊಟೈಟ್‌ನದು 3.3ರ ಆಸುಪಾಸು. ಎಂದೋ ನೀರು ಹೊಕ್ಕು ಆಲಿವೀನ್‌ನ ಒಂದಷ್ಟು ಪಾಲು ಸರ್ಪೆಂಟೀನ್ ಎಂಬ ಹಗುರ ಖನಿಜವಾಗಿತ್ತು. ಇಂಥ ಕಲ್ಲನ್ನು ಒಣಗಿದ್ದಂತೆ ಕೊಯ್ಯಲೇಬಾರದು. ಸರ್ಪೆಂಟೀನ್‌ನಲ್ಲಿ ಕಲ್ನಾರಿನ ಎಳೆಗಳಿರಬಹುದು, ಆ ಧೂಳು ಶ್ವಾಸಕೋಶಕ್ಕೆ ವಿಷ. ಗ್ರಾನೈಟ್ ಅಂಗಡಿಯಲ್ಲಿ ಧಾರಾಳವಾಗಿ ನೀರು ಬಿಡಿಸಿಯೇ ಬಿಲ್ಲೆ ಕೊಯ್ಯಿಸಿದೆ.

ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ, ನೀರು. ಗಂಧ ತೇಯುವ ಹಾಗೆಯೇ. 220ರ ಪುಡಿಯಿಂದ 400, 600, ಕೊನೆಗೆ 1000; ಸಂಖ್ಯೆ ಏರಿದಷ್ಟೂ ಪುಡಿ ನಯ. ಒಂದು ಮುಖ ನುಣುಪಾದ ಮೇಲೆ ಅದನ್ನು ಸ್ಲೈಡಿಗೆ ಎಪಾಕ್ಸಿ ಅಂಟಿನಿಂದ ಕೂರಿಸಿ, ಇನ್ನೊಂದು ಬದಿಯಿಂದ ಬೆಳಕು ಹಾಯುವಷ್ಟು ತೆಳುವಾಗಿ, 0.03 ಮಿಲಿಮೀಟರ್ ಉಳಿಯುವವರೆಗೆ ತೇಯಬೇಕು.

ಮೊದಲನೆಯದು ಅಂಟಿನಲ್ಲೇ ಹೋಯಿತು. ಜುಲೈ ತಿಂಗಳ ಕಾರವಾರದಲ್ಲಿ ಕಲ್ಲು ಒಣಗಿದೆ ಎಂದು ನಂಬಿದ್ದೇ ತಪ್ಪು. ತೇವ ಉಳಿದು ಅಂಟಿನೊಳಗೆ ಗುಳ್ಳೆಗಳೆದ್ದವು. ಆಮೇಲಿಂದ ಬಿಲ್ಲೆಯನ್ನು ಒಂದಿಡೀ ರಾತ್ರಿ ಬಲ್ಬಿನ ಕೆಳಗಿಟ್ಟೆ. ಎರಡನೆಯದನ್ನು ತೇಯ್ದು ತೇಯ್ದು ಕಲ್ಲೇ ಇಲ್ಲದಂತೆ ಮಾಡಿದೆ. ಗ್ರಾನೈಟ್ ಆದರೆ ದಪ್ಪ ತಿಳಿಯುವುದು ಸುಲಭ: ಒಂದಕ್ಕೊಂದು ಅಡ್ಡಲಾಗಿ ಹಿಡಿದ ಎರಡು ಪೋಲರಾಯ್ಡ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳು) ನಡುವೆ ಬೆಣಚುಕಲ್ಲಿನ ಕಣ ಹಳದಿ ಕಳೆದುಕೊಂಡು ಬೂದು–ಬಿಳಿಯಾದರೆ ಕೈ ನಿಲ್ಲಿಸಬೇಕು. ಪೆರಿಡೊಟೈಟ್‌ನಲ್ಲಿ ಬೆಣಚೇ ಇಲ್ಲ! ಮೂರನೆಯ ಸಲ ಕಡಲ ದಂಡೆಯಿಂದ ಆಯ್ದು ತಂದ ಬೆಣಚುಕಲ್ಲಿನ ಚೂರೊಂದನ್ನು ಪಕ್ಕದಲ್ಲೇ ಅಂಟಿಸಿ, ಎರಡನ್ನೂ ಒಟ್ಟಿಗೆ ತೇಯ್ದೆ. ಹಳದಿ ತಿಳಿಯಾಯಿತು, ಬಿಳಿಯಾಯಿತು, ಬೂದು ಇಣುಕಿತು. ಅಲ್ಲಿಗೆ ನಿಲ್ಲಿಸಿದೆ.

ಶಾಲೆಯ ಸೂಕ್ಷ್ಮದರ್ಶಕದ ಕೆಳಗೊಂದು, ಮೇಲೊಂದು ಪೋಲರಾಯ್ಡ್ ತುಂಡು ಇಟ್ಟು ಕಣ್ಣಿಟ್ಟೆ. ಕೈಯಲ್ಲಿ ಮಂಕು ಹಸಿರುಗಪ್ಪಾಗಿದ್ದ ಕಲ್ಲು ಅಲ್ಲಿ ನೀಲಿ, ಗುಲಾಬಿ, ಎಳೆಹಸಿರಾಗಿ ಹೊಳೆಯುತ್ತಿತ್ತು. ಸ್ಲೈಡು ತಿರುಗಿಸಿದಂತೆ ಆಲಿವೀನ್‌ನ ಒಂದೊಂದು ಕಣವೂ ಆರಿ ಮತ್ತೆ ಬೆಳಗುತ್ತಿತ್ತು. ನಾನು ಬಹಳ ಹೊತ್ತು ಎದ್ದೇಳಲಿಲ್ಲ.

ಮರುದಿನ ಬೈತಖೋಲದ ಹುಡುಗಿಯೊಬ್ಬಳು ನೋಡಿ, “ಸರ್, ಬಣ್ಣದ ಸುತ್ತ ಬೂದು ಬಲೆ ಇದೆ” ಎಂದಳು. ನಾನು ಹೇಳಿಕೊಡುವ ಮುನ್ನವೇ ಅವಳಿಗೆ ಕಂಡಿತ್ತು: ಬಿರುಕುಗಳ ಗುಂಟ ನೀರು ಹರಿದು ಸರ್ಪೆಂಟೀನ್ ನೇಯ್ದ ಬಲೆ, ಅದರ ಕಣ್ಣುಗಳಲ್ಲಿ ಸಿಕ್ಕಿಬಿದ್ದಂತೆ ಉಳಿದ ಆಲಿವೀನ್. ಬಲೆಯ ಎಳೆಗಳಲ್ಲಿದ್ದ ಕರಿಚುಕ್ಕೆಗಳು ಏನೆಂದು ಕೇಳಿದಳು. ತೇಯ್ದ ಕೆಸರನ್ನು ಧೂಳೇಳದಂತೆ ನೀರಿನಲ್ಲೇ ಇಟ್ಟಿದ್ದೆ. ಆಯಸ್ಕಾಂತವನ್ನು ಅವಳ ಕೈಗೇ ಕೊಟ್ಟೆ. ಮ್ಯಾಗ್ನೆಟೈಟ್‌ನ ಕಪ್ಪು ಪುಡಿ ಅದರ ತುದಿಗೆ ಮೀಸೆಯಂತೆ ನಿಂತಿತು.